ಕಟ್ಟಡವಿಲ್ಲದ ಸಂಸ್ಥೆಯ ಇಪ್ಪತ್ತೈದು ವರ್ಷ

ರಜತ ಮಹೋತ್ಸವದ ಸಂಚಿಕೆ ಎಂದರೆ ಮೊದಲ ಪುಟಗಳಲ್ಲಿ ಶಂಕುಸ್ಥಾಪನೆಯ ಫೋಟೊ ಇರಬೇಕು, ದಾನಿಗಳ ಹೆಸರು ಕೆತ್ತಿದ ಫಲಕ ಇರಬೇಕು, ಸಭಾಂಗಣದ ಉದ್ಘಾಟನೆಗೆ ಬಂದ ಗಣ್ಯರ ಸಾಲು ಇರಬೇಕು. ಅಮೆರಿಕದ ಡ್ಯಾನ್ಸ್‌ಸೇಫ್ ಸಂಸ್ಥೆಯ ಚರಿತ್ರೆ ಬರೆಯಲು ಕೂತವರಿಗೆ ಇವು ಯಾವುವೂ ಸಿಗುವುದಿಲ್ಲ. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಹುಟ್ಟಿ 2023ಕ್ಕೆ ಇಪ್ಪತ್ತೈದು ತುಂಬಿದ ಈ ಸಂಸ್ಥೆಯ ಗುರುತು ಒಂದು ಮಡಚುವ ಮೇಜು. ಅದರ ಮೇಲೆ ನಾಲ್ಕಾರು ಸಣ್ಣ ಸೀಸೆಗಳು, ಕರಪತ್ರಗಳ ಕಟ್ಟು, ಕುಡಿಯುವ ನೀರು, ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆಗಳು. ಸಂಗೀತ ಶುರುವಾಗುವ ಮೊದಲು ಮೇಜು ಬಿಚ್ಚುತ್ತದೆ, ಬೆಳಗಿನ ಜಾವ ಮಡಚಿ ಯಾರದೋ ಕಾರಿನ ಡಿಕ್ಕಿ ಸೇರುತ್ತದೆ.

ಆ ಮೇಜಿನ ಬಳಿಗೆ ಬರುವವರು ಕಾನೂನಿಗೆ ವಿರುದ್ಧವಾಗಿ ಕೊಂಡ ಮಾತ್ರೆಯನ್ನೋ ಪುಡಿಯನ್ನೋ ಜೇಬಿನಲ್ಲಿ ಇಟ್ಟುಕೊಂಡವರು. ಅವರಿಗೆ ಇಲ್ಲಿ ಬೈಗುಳವೂ ಸಿಗುವುದಿಲ್ಲ, ಶಹಭಾಸ್‌ಗಿರಿಯೂ ಸಿಗುವುದಿಲ್ಲ. ಸೇವನೆಯನ್ನು ಸಮರ್ಥಿಸುವುದಿಲ್ಲ, ಖಂಡಿಸುವುದೂ ಇಲ್ಲ ಎಂಬುದು ಸಂಸ್ಥೆ ಮೊದಲಿನಿಂದಲೂ ಹೇಳಿಕೊಂಡು ಬಂದ ನಿಲುವು. ಕೈಯಲ್ಲಿರುವುದು ಮಾರಿದವನು ಹೇಳಿದ ವಸ್ತುವೇ ಅಲ್ಲವೇ ಎಂದು ನೋಡಿ ಹೇಳುವುದು, ಅದರ ಅಪಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಇವರ ಕೆಲಸ.

ಕನ್ನಡ ಓದುಗರಿಗೆ ಇದು ದೂರದ ಊರಿನ ಸಮಾಚಾರ ಎನಿಸಬಹುದು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತದ್ದು, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಸೀಮೆಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ಹೋದದ್ದು ನೆನಪಿದ್ದವರಿಗೆ ಹಾಗೆ ಅನಿಸದು. ಸಾರಾಯಿ ಎಂದು ಕೊಟ್ಟದ್ದರಲ್ಲಿ ಮೀಥೈಲ್ ಆಲ್ಕೊಹಾಲ್ ಇತ್ತು. ಕುಡಿದವರಿಗೆ ಅದು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ಕಳ್ಳ ಮಾರುಕಟ್ಟೆಯ ಸರಕಿಗೆ ಲೇಬಲ್ ಇರುವುದಿಲ್ಲ.

ಹಿನ್ನೆಲೆ: 1967–1997

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಊರುಗಳಿಗೆ ಈ ಬಗೆಯ ಕೆಲಸ ಹೊಸತಾಗಿರಲಿಲ್ಲ. 1967ರಲ್ಲಿ ಹಿಪ್ಪಿಗಳ ಹಿಂಡು ನಗರಕ್ಕೆ ನುಗ್ಗಿದಾಗ ಡಾ. ಡೇವಿಡ್ ಸ್ಮಿತ್ ಹೈಟ್ ಆ್ಯಷ್‌ಬರಿ ಬಡಾವಣೆಯಲ್ಲಿ ಉಚಿತ ದವಾಖಾನೆ ತೆರೆದಿದ್ದರು. ರೋಗಿ ಏನು ಸೇವಿಸಿ ಬಂದಿದ್ದಾನೆಂದು ನೋಡಿ ಬಾಗಿಲು ಹಾಕದ ದವಾಖಾನೆ ಅದು. 1973ರಿಂದ ಅದರ ಒಂದು ಕವಲು ರಾಕ್ ಸಂಗೀತದ ಮೈದಾನಗಳಿಗೇ ಹೋಗಿ ಚಿಕಿತ್ಸೆ ಕೊಡತೊಡಗಿತು. 1970ರ ದಶಕದಲ್ಲಿ ಪಾಲೊ ಆಲ್ಟೊದ ಫಾರ್ಮ್‌ಕೆಮ್ ಎಂಬ ಪ್ರಯೋಗಾಲಯ ಹೆಸರು ವಿಳಾಸ ಕೇಳದೆ ಅಂಚೆಯಲ್ಲಿ ಬಂದ ಮಾದರಿಗಳನ್ನು ಪರೀಕ್ಷಿಸಿ ಫಲಿತಾಂಶ ಹೇಳುತ್ತಿತ್ತು. ಆಗಲೇ ಕೇಂದ್ರದ ಮಾದಕವಸ್ತು ನಿಯಂತ್ರಣ ಇಲಾಖೆಯಾದ ಡಿಇಎ ಒಂದು ಗೆರೆ ಎಳೆದಿತ್ತು: ಮಾದರಿಯಲ್ಲಿ ಏನಿದೆ ಎಂದು ಹೇಳಬಹುದು, ಎಷ್ಟಿದೆ ಎಂದು ಸಾರ್ವಜನಿಕರಿಗೆ ಹೇಳುವಂತಿಲ್ಲ. ಆ ಗೆರೆ ಮುಂದೆ ಡ್ಯಾನ್ಸ್‌ಸೇಫ್ ಕಾಲಿಗೂ ತೊಡರಿತು.

ಜರ್ಮನಿಯ ಮರ್ಕ್ ಕಂಪನಿಯ ರಸಾಯನಶಾಸ್ತ್ರಜ್ಞರು 1912ರಲ್ಲೇ ತಯಾರಿಸಿದ್ದ ಎಂಡಿಎಂಎ ಎಂಬ ರಾಸಾಯನಿಕ ಅಮೆರಿಕದಲ್ಲಿ ಎಕ್ಸ್‌ಟಸಿ ಎಂಬ ಹೆಸರಿನಲ್ಲಿ ಹಬ್ಬಿತು. 1985ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಬೇಡಿಕೆ ನಿಲ್ಲಲಿಲ್ಲ. 1990ರ ದಶಕದಲ್ಲಿ ಓಕ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊಗಳ ಖಾಲಿ ಗೋದಾಮುಗಳಲ್ಲಿ ರಾತ್ರಿಯಿಡೀ ರೇವ್ ಕುಣಿತ ನಡೆಯತೊಡಗಿದಾಗ ಮಿತ್ಸುಬಿಷಿ ಲಾಂಛನದಂಥ ಅಚ್ಚೊತ್ತಿದ ಮಾತ್ರೆಗಳು ಕೈಯಿಂದ ಕೈಗೆ ಹರಿದಾಡಿದವು. ಅಚ್ಚು ನೋಡಿ ಗುಣಮಟ್ಟ ಊಹಿಸುವುದು ಕುಣಿಯುವವರ ರೂಢಿಯಾಯಿತು. ಅಚ್ಚನ್ನು ಯಾರು ಬೇಕಾದರೂ ನಕಲು ಮಾಡಬಹುದಿತ್ತು.

ಯೂರೋಪು ಆ ಹೊತ್ತಿಗೆ ಮುಂದಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಆಗಸ್ಟ್ ಡಿ ಲೋರ್ 1980ರ ದಶಕದ ಕೊನೆಯಲ್ಲೇ ಪಾರ್ಟಿಗಳಲ್ಲಿ ಮಾತ್ರೆ ಪರೀಕ್ಷಿಸಲು ಶುರುಮಾಡಿದ್ದರು. 1992ರಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರವೇ ದೇಶವ್ಯಾಪಿ ಪರೀಕ್ಷಾ ಜಾಲ ಕಟ್ಟಿತು. 1997ರಲ್ಲಿ ಬಾರ್ಸಿಲೋನಾದ ಎನರ್ಜಿ ಕಂಟ್ರೋಲ್, ವಿಯೆನ್ನಾದ ಚೆಕ್ಇಟ್ ಹುಟ್ಟಿದವು. ಅಮೆರಿಕದಲ್ಲಿ ಸರ್ಕಾರದ ಹಣದಿಂದ ಇಂಥದ್ದು ನಡೆಯುವ ಮಾತೇ ಇರಲಿಲ್ಲ. ಏಡ್ಸ್ ಹಬ್ಬುತ್ತಿದ್ದ 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸ್ವಯಂಸೇವಕರು ಶುದ್ಧ ಸೂಜಿ ಹಂಚಲು ಹೊರಟಾಗ ಅದನ್ನೂ ಕಾನೂನು ಮೀರಿಯೇ ಮಾಡಬೇಕಾಯಿತು. ಮಾಡಬೇಕಾದವರು ತಾವೇ ಮಾಡಬೇಕು, ಖರ್ಚನ್ನೂ ತಾವೇ ಹೊಂದಿಸಬೇಕು ಎಂಬ ಪಾಠ ಆ ಊರಿಗೆ ಹೀಗೆ ಮೊದಲೇ ಆಗಿತ್ತು.

ಸ್ಥಾಪನೆ: 1998–2001

ಇಮ್ಯಾನ್ಯುಯೆಲ್ ಸ್ಫೀರಿಯೊಸ್ 1998ರಲ್ಲಿ ಡ್ಯಾನ್ಸ್‌ಸೇಫ್ ಸ್ಥಾಪಿಸಿದರು. ಉದ್ದೇಶ ಸೀಮಿತವಾಗಿತ್ತು: ಚಟಕ್ಕೆ ಬೀಳದ, ವಾರಾಂತ್ಯದ ಕುಣಿತಕ್ಕೆ ಮಾತ್ರ ಮಾತ್ರೆ ನುಂಗುವ ಯುವಜನರಿಗೆ ಆರೋಗ್ಯ ಮಾಹಿತಿ ಕೊಡುವುದು. ಸೂಜಿ ಹಂಚುವ ಸಂಸ್ಥೆಗಳ ಕಣ್ಣಿಗೆ ಇವರು ಬೀಳುತ್ತಿರಲಿಲ್ಲ, ವ್ಯಸನಮುಕ್ತಿ ಕೇಂದ್ರಗಳಿಗೆ ಇವರೇ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಕೇಳಿದ ‘ಬೇಡ ಎನ್ನಿ’ ಎಂಬ ಉಪದೇಶವನ್ನು ದಾಟಿ ಬಂದವರಿಗೆ ಮುಂದೆ ಹೇಳಬೇಕಾದ ಮಾತು ಯಾರ ಬಳಿಯೂ ಇರಲಿಲ್ಲ.

ಮೇಜಿನ ಮೇಲಿದ್ದ ಮುಖ್ಯ ಸೀಸೆ ಮಾರ್ಕಿಸ್ ದ್ರಾವಣದ್ದು. ಗಂಧಕಾಮ್ಲಕ್ಕೆ ಫಾರ್ಮಾಲ್ಡಿಹೈಡ್ ಬೆರೆಸಿದ ಇದನ್ನು ಇಂದಿನ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮಾರ್ಕಿಸ್ 1896ರಲ್ಲಿ ರೂಪಿಸಿದ್ದರು. ಪೊಲೀಸರೂ ಬಳಸುವ ಪರೀಕ್ಷೆಯೇ ಇದು. ಮಾತ್ರೆಯಿಂದ ಕೆರೆದ ಚೂರಿನ ಮೇಲೆ ಒಂದು ಹನಿ ಬಿಟ್ಟರೆ, ಎಂಡಿಎಂಎ ಇದ್ದಲ್ಲಿ ಕ್ಷಣದಲ್ಲಿ ನೇರಳೆಗೆ ತಿರುಗಿ ಕಪ್ಪಾಗುತ್ತದೆ. ಆ್ಯಂಫೆಟಮಿನ್ ಇದ್ದರೆ ಕಿತ್ತಳೆ ಬಣ್ಣ ಬಂದು ಕಂದಾಗುತ್ತದೆ. ಬಣ್ಣವೇ ಬಾರದಿದ್ದರೆ ನೀವು ದುಡ್ಡು ಕೊಟ್ಟದ್ದು ಬೇರೆ ಯಾವುದಕ್ಕೋ ಎಂದರ್ಥ. ಈ ಪರೀಕ್ಷೆಗೆ ಮಿತಿಗಳಿದ್ದವು, ಅವನ್ನು ಕರಪತ್ರದಲ್ಲೇ ಅಚ್ಚು ಹಾಕಿಸಲಾಗಿತ್ತು. ಪ್ರಮಾಣ ಎಷ್ಟು ಎಂದು ಬಣ್ಣ ಹೇಳುವುದಿಲ್ಲ. ಎಂಡಿಎಂಎ ಜೊತೆಗೆ ಮತ್ತೊಂದು ವಿಷ ಬೆರೆತಿದ್ದರೆ ಕಪ್ಪು ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಪರೀಕ್ಷೆಯಲ್ಲಿ ಪಾಸಾದ ಮಾತ್ರೆ ಸುರಕ್ಷಿತವಾದ ಮಾತ್ರೆಯಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ? ದೊಡ್ಡ ಪಾಲು ಬಂದದ್ದು ಬಾಬ್ ವಾಲೇಸ್ ಅವರಿಂದ. ಮೈಕ್ರೊಸಾಫ್ಟ್ ಕಂಪನಿಯ ಒಂಬತ್ತನೆಯ ಉದ್ಯೋಗಿಯಾಗಿದ್ದ ಅವರು 1983ರಲ್ಲಿ ಅಲ್ಲಿಂದ ಹೊರಬಂದು ಪಿಸಿ-ರೈಟ್ ಎಂಬ ತಂತ್ರಾಂಶ ಬರೆದಿದ್ದರು. ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಿ, ಉಪಯೋಗಕ್ಕೆ ಬಂದರೆ ದುಡ್ಡು ಕಳಿಸಿ ಎಂಬ ಶೇರ್‌ವೇರ್ ಪದ್ಧತಿಯ ಮೊದಲಿಗರಲ್ಲಿ ಒಬ್ಬರು. ಬಳಸುವವರ ಪ್ರಾಮಾಣಿಕತೆಯನ್ನು ನಂಬಿ ವ್ಯಾಪಾರ ಮಾಡಿದ್ದ ಮನುಷ್ಯ, ಬಳಸುವವರ ವಂತಿಗೆಯಿಂದ ನಡೆಯಬೇಕಿದ್ದ ಸಂಸ್ಥೆಗೆ ಬಂಡವಾಳ ಹಾಕಿದ್ದು ಅಚ್ಚರಿಯೇನಲ್ಲ. ಜೊತೆಗೆ ಪರೀಕ್ಷಾ ಕಿಟ್‌ಗಳ ಮಾರಾಟ ಇತ್ತು. ಮನೆಯಲ್ಲೇ ಪರೀಕ್ಷಿಸಿಕೊಳ್ಳುವವರು ಕಿಟ್ ಕೊಂಡರೆ ಆ ಲಾಭದಲ್ಲಿ ಮೇಜಿನ ಉಚಿತ ಸೇವೆ ನಡೆಯುತ್ತಿತ್ತು. ಈ ಲೆಕ್ಕಾಚಾರ ಇಂದಿಗೂ ಹೆಚ್ಚು ಬದಲಾಗಿಲ್ಲ.

ಸಂಸ್ಥೆಗೆ ಗಂಭೀರ ಮನ್ನಣೆ ತಂದದ್ದು 2000ನೇ ವರ್ಷ. ಅಂಚೆಯಲ್ಲಿ ಬಂದ ಮಾತ್ರೆಗಳನ್ನು ಡ್ಯಾನ್ಸ್‌ಸೇಫ್ ಸ್ಯಾಕ್ರಮೆಂಟೊದ ಒಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತಿತ್ತು. ಅಂಥ 107 ಮಾತ್ರೆಗಳ ವಿವರ ಆ ವರ್ಷದ ನವೆಂಬರಿನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಲೇಖಕರ ಪಟ್ಟಿಯಲ್ಲಿ ವೈದ್ಯ ಸಂಶೋಧಕರ ಜೊತೆ ಸ್ಫೀರಿಯೊಸ್ ಹೆಸರೂ ಇತ್ತು. ಎಂಡಿಎಂಎ ಅಥವಾ ಅದರ ಹತ್ತಿರದ ಬಂಧುಗಳಿದ್ದದ್ದು ಶೇಕಡ 63ರಲ್ಲಿ. ಶೇಕಡ 29ರಲ್ಲಿ ಇದ್ದದ್ದು ಬೇರೆಯೇ ಔಷಧಗಳು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಡೆಕ್ಸ್ಟ್ರೊಮೆಥಾರ್ಫಾನ್, ನಮ್ಮ ಮೆಡಿಕಲ್ ಸ್ಟೋರುಗಳ ಕೆಮ್ಮಿನ ಸಿರಪ್ಪಿನಲ್ಲಿ ಇರುವಂಥದ್ದೇ, ಆದರೆ ಮಿತಿಮೀರಿದ ಪ್ರಮಾಣದಲ್ಲಿ. ಅಷ್ಟು ಪ್ರಮಾಣದಲ್ಲಿ ಅದು ಬೆವರನ್ನು ತಡೆಯುತ್ತದೆ. ಉಸಿರುಗಟ್ಟಿಸುವ ಗೋದಾಮಿನಲ್ಲಿ ಗಂಟೆಗಟ್ಟಲೆ ಕುಣಿಯುವವರಿಗೆ ಬೆವರು ನಿಂತರೆ ಮೈ ಕಾದು ಪ್ರಾಣಕ್ಕೇ ಸಂಚಕಾರ. ಕುಸಿದುಬಿದ್ದವರ ನಡುವೆ ಓಡಾಡಿದ್ದ ಸ್ವಯಂಸೇವಕರ ಅನುಮಾನಕ್ಕೆ ಈಗ ಪ್ರಯೋಗಾಲಯದ ಪುರಾವೆ ಸಿಕ್ಕಿತು.

ಅದೇ ವರ್ಷ ಇಲಿನಾಯ್ ರಾಜ್ಯದಲ್ಲಿ ಎಕ್ಸ್‌ಟಸಿ ಎಂದುಕೊಂಡು ಪಿಎಂಎ ಎಂಬ ವಿಷಕಾರಿ ರಾಸಾಯನಿಕ ನುಂಗಿ ಯುವಜನರು ಸತ್ತರು. ಪಿಎಂಎ ನಿಧಾನವಾಗಿ ಏರುತ್ತದೆ. ಮಾತ್ರೆ ಕೆಲಸ ಮಾಡಲಿಲ್ಲವೆಂದು ಇನ್ನೊಂದು ನುಂಗುವವರು ಹೆಚ್ಚು, ಅಪಾಯ ಇರುವುದೂ ಅಲ್ಲೇ. ಮಾರ್ಕಿಸ್ ಹನಿಗೆ ಅದು ಬಣ್ಣ ಕೊಡುವುದಿಲ್ಲವಾದ್ದರಿಂದ ಅಗ್ಗದ ಕಿಟ್ ಕೂಡ ಇಲ್ಲಿ ಜೀವ ಉಳಿಸಬಲ್ಲುದಾಗಿತ್ತು.

2001ರಲ್ಲಿ ಎರೊವಿಡ್ ಎಂಬ ಮಾಹಿತಿ ಸಂಸ್ಥೆಯೊಂದಿಗೆ ಸೇರಿ ಎಕ್ಸ್‌ಟಸಿಡೇಟಾ ಎಂಬ ಪ್ರಯೋಗಾಲಯ ಪರೀಕ್ಷೆಯ ಯೋಜನೆಯನ್ನು ಶುರುಮಾಡಲಾಯಿತು. ಮಾದರಿ ಕಳಿಸಿದವರಿಂದ ಒಂದಷ್ಟು ಶುಲ್ಕ, ಉಳಿದದ್ದು ದೇಣಿಗೆ. ಡಿಇಎಯ ಹಳೆಯ ಗೆರೆ ಇಲ್ಲಿ ಮತ್ತೆ ಎದುರಾಯಿತು. ಪರವಾನಗಿ ಪಡೆದ ಪ್ರಯೋಗಾಲಯ ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂದು ಹೇಳುವಂತಿರಲಿಲ್ಲ. ಹಾಗಾಗಿ ಒಂದಕ್ಕೊಂದು ಯಾವ ಅನುಪಾತದಲ್ಲಿವೆ ಎಂದಷ್ಟೇ ಪ್ರಕಟವಾಗುತ್ತಿತ್ತು. ಮುಂದೆ ಡ್ರಗ್ಸ್‌ಡೇಟಾ ಎಂದು ಹೆಸರು ಬದಲಿಸಿಕೊಂಡ ಈ ಯೋಜನೆ ಸಂಶೋಧಕರಿಗೂ ಆಕರವಾಯಿತು.

ಇದೇ ಹೊತ್ತಿಗೆ ಮನೆಯೊಳಗಿನ ಚರ್ಚೆಯೂ ಜೋರಾಗಿತ್ತು. ಹಾನಿ ತಗ್ಗಿಸುವ ಕೆಲಸದ ಪರವಾಗಿದ್ದವರೇ ಆದ ಬ್ರಿಟನ್ನಿನ ಆ್ಯಡಮ್ ವಿನ್‌ಸ್ಟಾಕ್ ಮತ್ತಿಬ್ಬರು 2001ರಲ್ಲಿ ವ್ಯಸನ ಸಂಶೋಧನೆಯ ಪತ್ರಿಕೆಯೊಂದರಲ್ಲಿ ಬಣ್ಣದ ಪರೀಕ್ಷೆಯನ್ನು ಕಟುವಾಗಿ ಪ್ರಶ್ನಿಸಿದರು. ಒಂದು ಹನಿಯ ಬಣ್ಣ ನೋಡಿ ಧೈರ್ಯ ಹೇಳುವುದು ಸುಳ್ಳು ಭರವಸೆಯಾಗುವುದಿಲ್ಲವೇ ಎಂಬುದು ಅವರ ವಾದ. ಮೇಜಿನ ಹಿಂದೆ ನಿಂತವರ ಉತ್ತರ: ಮಾತ್ರೆ ತೋರಿಸಲು ಬಂದಾಗಲೇ ಅವರು ನಮ್ಮೊಡನೆ ಮಾತಿಗೆ ಕೂರುವುದು, ಅದಿಲ್ಲದಿದ್ದರೆ ಬರುವುದೇ ಇಲ್ಲ. ಎರಡೂ ಕಡೆ ಹುರುಳಿತ್ತು. ಟೀಕೆಯ ಫಲವಾಗಿ ಪ್ರಯೋಗಾಲಯದ ಪರೀಕ್ಷೆಗೆ ಒತ್ತು ಹೆಚ್ಚಿತು ಎನ್ನುವುದೇ ನ್ಯಾಯ. ಸ್ಥಾಪಕರು ಕೆಲವು ವರ್ಷಗಳಲ್ಲಿ ಆಡಳಿತದಿಂದ ಹಿಂದೆ ಸರಿದರು, ಬೇರೆಯವರು ನೊಗಕ್ಕೆ ಹೆಗಲು ಕೊಟ್ಟರು. ಸ್ವಯಂಸೇವೆಯ ಸಂಸ್ಥೆಗಳಲ್ಲಿ ಅಭಿಪ್ರಾಯಗಳು ಎಷ್ಟು ತೀವ್ರವಾಗಿರುತ್ತವೆ ಎಂಬುದನ್ನು ಯಾವ ಊರಿನ ಸಂಘದಲ್ಲಿ ದುಡಿದವರಿಗೂ ಬಿಡಿಸಿ ಹೇಳಬೇಕಿಲ್ಲ.

ಕಾಯ್ದೆಯ ನೆರಳು: 2002–2012

2002 ಸಂಸ್ಥೆಗೆ ಎರಡು ಏಟು ಕೊಟ್ಟ ವರ್ಷ. ಬಾಬ್ ವಾಲೇಸ್ ತೀರಿಕೊಂಡರು. ಅಂದು ಸೆನೆಟರ್ ಆಗಿದ್ದ ಜೋ ಬೈಡನ್ ರೇವ್ ಕಾಯ್ದೆಯ ಮಸೂದೆ ಮಂಡಿಸಿದರು.

1986ರಲ್ಲಿ ಕ್ರ್ಯಾಕ್ ಕೊಕೇನ್ ಮಾರುವ ಮನೆಗಳನ್ನು ಮುಚ್ಚಿಸಲು ತಂದಿದ್ದ ಕಾನೂನನ್ನು ಸಂಗೀತ ಕಾರ್ಯಕ್ರಮಗಳಿಗೂ ಹಿಗ್ಗಿಸುವುದು ಮಸೂದೆಯ ಗುರಿ. ಮಾದಕವಸ್ತು ಸೇವನೆಗೆಂದು ಗೊತ್ತಿದ್ದೂ ಜಾಗ ಕೊಟ್ಟವರು, ಒಂದು ರಾತ್ರಿಯ ಮಟ್ಟಿಗೆ ಕೊಟ್ಟಿದ್ದರೂ, ಅಪರಾಧಿಗಳು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಮು ಕೂಡ ಅಪರಾಧಕ್ಕೆ ಜಾಗ ಕೊಟ್ಟವರನ್ನು ಹಿಡಿಯುತ್ತದೆ. ಆದರೆ ಬೈಡನ್ ಮಸೂದೆಯ ಪೀಠಿಕೆಯಲ್ಲಿ ಇನ್ನೊಂದು ವಿಶೇಷವಿತ್ತು. ದುಬಾರಿ ನೀರಿನ ಬಾಟಲಿ, ಹೊಳೆಯುವ ಕಡ್ಡಿ, ಸುಸ್ತಾದವರು ತಣ್ಣಗೆ ಕೂರುವ ಕೋಣೆ ಇವುಗಳನ್ನು ಸೇವನೆಯ ಕುರುಹುಗಳಾಗಿ ಪಟ್ಟಿ ಮಾಡಲಾಗಿತ್ತು. ಮೈ ಕಾದು ಸಾಯುವವರನ್ನು ಉಳಿಸುವ ಎರಡು ಸಾಧನಗಳು ನೀರು ಮತ್ತು ತಂಪು ಜಾಗ. ಅವೇ ಸಾಕ್ಷ್ಯವಾದರೆ ಯಾವ ಆಯೋಜಕ ಅವನ್ನು ಒದಗಿಸಲು ಮುಂದೆ ಬಂದಾನು? ವಿರೋಧ ಎದ್ದಿತು, ಸಹಿ ಹಾಕಿದ್ದ ಇಬ್ಬರು ಸೆನೆಟರುಗಳು ಹಿಂದೆ ಸರಿದರು, ಮಸೂದೆ ಬಿತ್ತು. ಮರುವರ್ಷ ಏಪ್ರಿಲಿನಲ್ಲಿ ಅದೇ ಮಸೂದೆ ಪೀಠಿಕೆ ಕಳಚಿಕೊಂಡು, ಹೆಸರು ಬದಲಿಸಿಕೊಂಡು, ಮಕ್ಕಳ ಅಪಹರಣ ತಡೆಯುವ ಮಸೂದೆಯೊಂದಕ್ಕೆ ಅಂಟಿಕೊಂಡು ಪಾಸಾಯಿತು. ಮಕ್ಕಳ ರಕ್ಷಣೆಯ ಮಸೂದೆಗೆ ಬೇಡ ಎನ್ನಲು ಯಾವ ಸದಸ್ಯನಿಗೆ ಎದೆಗಾರಿಕೆ?

ಕಾಯ್ದೆ ಜಾರಿಯಾದ ಮರು ತಿಂಗಳೇ ಮೊಂಟಾನಾದ ಬಿಲ್ಲಿಂಗ್ಸ್ ಪಟ್ಟಣದಲ್ಲಿ ಡಿಇಎ ಅಧಿಕಾರಿಯೊಬ್ಬರು ಸಭಾಭವನಕ್ಕೆ ಹೋಗಿ, ಕಾನೂನು ಸುಧಾರಣೆಗೆ ನಿಧಿ ಎತ್ತಲು ಏರ್ಪಾಡಾಗಿದ್ದ ಸಂಗೀತ ಕಾರ್ಯಕ್ರಮದ ಬಗ್ಗೆ ಈ ಕಾಯ್ದೆಯ ಪ್ರತಿ ತೋರಿಸಿದರು. ಕಾರ್ಯಕ್ರಮ ರದ್ದಾಯಿತು. ದೇಶದ ಉಳಿದ ಆಯೋಜಕರಿಗೆ ಅಷ್ಟೇ ಸಾಕಿತ್ತು. ಬಾಗಿಲಲ್ಲಿ ಡ್ಯಾನ್ಸ್‌ಸೇಫ್ ಮೇಜು ಇದ್ದರೆ ‘ಒಳಗೆ ಸೇವನೆ ನಡೆಯುತ್ತದೆಂದು ನಿಮಗೆ ಗೊತ್ತಿತ್ತಲ್ಲ’ ಎಂದು ಯಾರಾದರೂ ಕೇಳಬಹುದು ಎಂದು ವಕೀಲರು ಎಚ್ಚರಿಸತೊಡಗಿದರು. ಬೇರೆ ಬೇರೆ ಊರುಗಳಲ್ಲಿದ್ದ ಸಂಸ್ಥೆಯ ಶಾಖೆಗಳು ಸೊರಗಿದವು, ಕೆಲವು ಮುಚ್ಚಿದವು. ಉಳಿದವು ಸೀಸೆಗಳನ್ನು ಒಳಗಿಟ್ಟು ಕರಪತ್ರ, ನೀರು, ಕಾಂಡೋಮ್ ಹಂಚುತ್ತ ಕಾಲ ತಳ್ಳಿದವು. ಆ ಹತ್ತು ವರ್ಷದಲ್ಲಿ ಸಂಸ್ಥೆ ಸಾಯದೆ ಉಳಿದದ್ದೇ ಅದರ ಸಾಧನೆ.

ಮತ್ತೆ ಮೈದಾನಕ್ಕೆ: 2013–2016

ಗೋದಾಮಿನ ಕುಣಿತ ಈ ವೇಳೆಗೆ ಕೋಟ್ಯಂತರ ಡಾಲರ್ ವಹಿವಾಟಿನ ಉತ್ಸವವಾಗಿ ಬೆಳೆದಿತ್ತು. 2013ರ ಆಗಸ್ಟ್ ಕೊನೆಯಲ್ಲಿ ನ್ಯೂಯಾರ್ಕಿನ ಎಲೆಕ್ಟ್ರಿಕ್ ಝೂ ಉತ್ಸವದಲ್ಲಿ ಇಬ್ಬರು ಸತ್ತು ಕೊನೆಯ ದಿನದ ಕಾರ್ಯಕ್ರಮವನ್ನೇ ನಗರಾಡಳಿತ ರದ್ದು ಮಾಡಿಸಿತು. ಅದೇ ವಾರ ವಾಷಿಂಗ್ಟನ್ನಿನ ಕ್ಲಬ್ಬೊಂದರಲ್ಲಿ ಹತ್ತೊಂಬತ್ತರ ವಿದ್ಯಾರ್ಥಿನಿಯೊಬ್ಬಳು ಮೈ ಕಾದು ಕುಸಿದು ತೀರಿಕೊಂಡಳು. ಆಕೆಯ ತಾಯಿ ಶೋಕದಲ್ಲಿ ಕೂರಲಿಲ್ಲ. ರೇವ್ ಕಾಯ್ದೆಗೆ ತಿದ್ದುಪಡಿ ತನ್ನಿ, ನೀರು ಮತ್ತು ಮಾಹಿತಿ ಕೊಡುವ ಆಯೋಜಕರನ್ನು ಅಪರಾಧಿಗಳೆಂದು ನೋಡಬೇಡಿ ಎಂದು ದೇಶವ್ಯಾಪಿ ಅಭಿಯಾನ ಶುರುಮಾಡಿದರು. ಡ್ಯಾನ್ಸ್‌ಸೇಫ್ ಅವರ ಜೊತೆ ನಿಂತಿತು. ಮಾದಕವಸ್ತುವನ್ನು ಸಮರ್ಥಿಸುವವರು ಎಂಬ ಹಣೆಪಟ್ಟಿಯನ್ನು ಒಬ್ಬ ತಾಯಿಗೆ ಅಂಟಿಸುವುದು ಯಾರಿಗೂ ಸುಲಭವಾಗಲಿಲ್ಲ.

ಸರಕು ಕೂಡ ಬದಲಾಗಿತ್ತು. ‘ಮಾಲಿ’ ಎಂಬ ಹೆಸರಿನ ಪುಡಿ ಶುದ್ಧ ಎಂಡಿಎಂಎ ಎಂದು ಜನ ನಂಬಿದ್ದರು. ಪರೀಕ್ಷಿಸಿದರೆ ಕ್ಯಾಥಿನೋನ್ ಗುಂಪಿನ ಹೊಸ ಹೊಸ ರಾಸಾಯನಿಕಗಳು ಸಿಗುತ್ತಿದ್ದವು. ಎಲ್‌ಎಸ್‌ಡಿ ಎಂದು ಮಾರುವ ಕಾಗದದ ಚೂರುಗಳಲ್ಲಿ ಎನ್‌ಬೋಮ್ ಎಂಬ, ಕೆಲವರ ಪ್ರಾಣವನ್ನೇ ತೆಗೆದ ವಸ್ತು ಬರತೊಡಗಿತ್ತು. ಒಂದು ಸೀಸೆಯ ಕಾಲ ಮುಗಿಯಿತು. ಮೇಜಿಗೆ ಸೈಮನ್, ಮೆಕಿ, ಫ್ರೋಡೆ, ಎರ್ಲಿಕ್ ದ್ರಾವಣಗಳು ಬಂದವು. ಒಂದು ಮುಚ್ಚಿಟ್ಟದ್ದನ್ನು ಇನ್ನೊಂದು ಬಯಲು ಮಾಡುತ್ತಿತ್ತು. ಎಲ್‌ಎಸ್‌ಡಿ ಇದ್ದರೆ ಎರ್ಲಿಕ್ ಹನಿ ನೇರಳೆಯಾಗುತ್ತದೆ, ಎನ್‌ಬೋಮ್ ಮಾತ್ರ ಇದ್ದರೆ ಬಣ್ಣ ಬರುವುದಿಲ್ಲ.

ಸಂಸ್ಥೆಯ ಗುರಿಗಳೂ ಹಿಗ್ಗಿದವು. ಜಂಗುಳಿಯಲ್ಲಿ ಹೆಣ್ಣುಮಕ್ಕಳ ಮೇಲಾಗುವ ದೌರ್ಜನ್ಯದ ವಿರುದ್ಧ ಸಮ್ಮತಿಯ ಕುರಿತು ಅಭಿಯಾನ ನಡೆಯಿತು, ಸ್ಪೀಕರಿನ ಅಬ್ಬರದಿಂದ ಕಿವಿ ಉಳಿಸಿಕೊಳ್ಳುವ ಬಿರಡೆಗಳ ಹಂಚಿಕೆ ಹೆಚ್ಚಿತು. ನೀರಿನ ಬಗೆಗಿನ ಸಲಹೆಯೂ ಸೂಕ್ಷ್ಮವಾಯಿತು. ಎಂಡಿಎಂಎ ಸೇವಿಸಿದ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೆದರಿ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ಮಿದುಳು ಊದಿಕೊಳ್ಳುತ್ತದೆ. ಹಾಗಾಗಿ ಗುಟುಕು ಗುಟುಕಾಗಿ ಕುಡಿಯಿರಿ, ಉಪ್ಪಿನಂಶ ಇರಲಿ, ನಡುನಡುವೆ ಕೂತು ದಣಿವಾರಿಸಿಕೊಳ್ಳಿ ಎಂದು ಸ್ವಯಂಸೇವಕರು ಹೇಳತೊಡಗಿದರು.

ಫೆಂಟನಿಲ್ ಕಾಲ: 2017–2023

2017ರಲ್ಲಿ ಮಿಚೆಲ್ ಗೋಮೆಜ್ ಕಾರ್ಯನಿರ್ವಾಹಕ ನಿರ್ದೇಶಕರಾದರು. ಅಷ್ಟರಲ್ಲಿ ಅಮೆರಿಕದ ಕಳ್ಳ ಮಾರುಕಟ್ಟೆಗೆ ಫೆಂಟನಿಲ್ ನುಗ್ಗಿತ್ತು. ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ತೀಕ್ಷ್ಣವಾದ ಈ ನೋವುನಿವಾರಕದ 2 ಮಿಲಿಗ್ರಾಂ ಕೂಡ ಪ್ರಾಣ ತೆಗೆಯಬಲ್ಲದು. 2021ರಲ್ಲಿ ಆ ದೇಶದಲ್ಲಿ ಮಾದಕವಸ್ತುಗಳ ಅತಿಸೇವನೆಯಿಂದ ಸತ್ತವರ ಸಂಖ್ಯೆ ವರ್ಷಕ್ಕೆ ಒಂದು ಲಕ್ಷ ದಾಟಿತು, ಅದರಲ್ಲಿ ದೊಡ್ಡ ಪಾಲು ಫೆಂಟನಿಲ್ಲಿನದೇ.

ಸಂಸ್ಥೆಯ ಮೂಲ ಗುರಿಯೇ ಇಲ್ಲಿ ಅಲುಗಿತು. ಚಟಕ್ಕೆ ಬೀಳದವರು ಒಂದು ಕಡೆ, ವ್ಯಸನಿಗಳು ಇನ್ನೊಂದು ಕಡೆ ಎಂದು 1998ರಲ್ಲಿ ಎಳೆದ ಗೆರೆಗೆ ಈಗ ಅರ್ಥ ಉಳಿಯಲಿಲ್ಲ. ವರ್ಷಕ್ಕೊಮ್ಮೆ ಪಾರ್ಟಿಯಲ್ಲಿ ಕೊಕೇನ್ ಸೇದುವವನಿಗೂ, ಗೆಳೆಯನಿಂದ ನಿದ್ದೆ ಮಾತ್ರೆ ಎಂದು ಪಡೆದು ನುಂಗಿದ ವಿದ್ಯಾರ್ಥಿಗೂ ಅದೇ ಸಾವು ಕಾದಿತ್ತು. ಫೆಂಟನಿಲ್, ಮಾರ್ಫಿನ್‌ಗಳಂಥ ಒಪಿಯಾಯ್ಡ್‌ಗಳ ಅಭ್ಯಾಸವೇ ಇಲ್ಲದ ದೇಹ ಇನ್ನೂ ಬೇಗ ಸೋಲುತ್ತದೆ.

ಮೇಜಿಗೆ ಬಂದ ಹೊಸ ಸಾಧನ ಕಾಗದದ ಸ್ಟ್ರಿಪ್. ಕೆನಡಾದ ಬಿಟಿಎನ್‌ಎಕ್ಸ್ ಕಂಪನಿ ಮೂತ್ರ ಪರೀಕ್ಷೆಗೆಂದು ಮಾಡಿದ್ದನ್ನು ಹಾನಿ ತಗ್ಗಿಸುವವರು ನೀರಿನಲ್ಲಿ ಕರಗಿಸಿದ ಮಾದರಿಗೆ ಬಳಸಿದರು. ಒಂದರ ಬೆಲೆ ಸುಮಾರು ಒಂದು ಡಾಲರ್. ಇದರ ಓದು ಕೋವಿಡ್ ಕಿಟ್‌ಗೆ ತಿರುವುಮುರುವು: ಒಂದು ಗೆರೆ ಬಂದರೆ ಫೆಂಟನಿಲ್ ಇದೆ, ಎರಡು ಬಂದರೆ ಇಲ್ಲ. ನೀರು ಕಡಿಮೆಯಾಗಿ ದ್ರಾವಣ ಗಟ್ಟಿಯಾದರೆ ಎಂಡಿಎಂಎ, ಮೆಥಾಂಫೆಟಮಿನ್‌ಗಳೇ ಸ್ಟ್ರಿಪ್ಪನ್ನು ಮೋಸಗೊಳಿಸಿ ಇಲ್ಲದ ಫೆಂಟನಿಲ್ ತೋರಿಸುತ್ತವೆ ಎಂದು 2021ರ ಸಂಶೋಧನೆಯೊಂದು ದೃಢಪಡಿಸಿತು. ಹಾಗಾಗಿ ಯಾವುದಕ್ಕೆ ಎಷ್ಟು ನೀರು ಎಂದು ಕಲಿಸುವುದೇ ಸ್ವಯಂಸೇವಕರ ದೊಡ್ಡ ಕೆಲಸವಾಯಿತು. ಇನ್ನೊಂದು ತೊಡಕು ಮಿಶ್ರಣದ್ದು. ಉಪ್ಪಿಟ್ಟಿಗೆ ಹಾಕಿದ ಗೋಡಂಬಿ ಎಲ್ಲರ ತಟ್ಟೆಗೂ ಸಮನಾಗಿ ಬೀಳುವುದಿಲ್ಲ. ಪುಡಿಯಲ್ಲಿ ಫೆಂಟನಿಲ್ ಕೂಡ ಹಾಗೆಯೇ, ಒಂದು ಚಿಟಿಕೆಯಲ್ಲಿ ಸಿಗದ್ದು ಪಕ್ಕದ ಚಿಟಿಕೆಯಲ್ಲಿ ಇರಬಹುದು.

ಸ್ಟ್ರಿಪ್ ಹಂಚುವುದೂ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. 1979ರಲ್ಲಿ ಡಿಇಎ ಬರೆದುಕೊಟ್ಟ ಮಾದರಿ ಕಾನೂನಿನಲ್ಲಿ ಚಿಲುಮೆ, ತಕ್ಕಡಿಗಳ ಜೊತೆ ಪರೀಕ್ಷಾ ಸಾಧನಗಳನ್ನೂ ನಿಷಿದ್ಧ ಸಾಮಗ್ರಿಯೆಂದು ಸೇರಿಸಲಾಗಿತ್ತು, ರಾಜ್ಯಗಳು ಅದನ್ನು ಯಥಾವತ್ ಇಳಿಸಿಕೊಂಡಿದ್ದವು. ಸಾವುಗಳ ಸಂಖ್ಯೆ ಶಾಸಕರ ಮನಸ್ಸು ತಿರುಗಿಸಿತು. ಒಂದೊಂದೇ ರಾಜ್ಯ ಫೆಂಟನಿಲ್ ಸ್ಟ್ರಿಪ್ಪನ್ನು ಆ ಪಟ್ಟಿಯಿಂದ ತೆಗೆಯಿತು. 2021ರ ಏಪ್ರಿಲಿನಲ್ಲಿ ಕೇಂದ್ರ ಆರೋಗ್ಯ ಸಂಸ್ಥೆಗಳು ಸರ್ಕಾರಿ ಅನುದಾನದಲ್ಲಿ ಸ್ಟ್ರಿಪ್ ಕೊಳ್ಳಬಹುದು ಎಂದು ಪ್ರಕಟಿಸಿದವು. ರೇವ್ ಕಾಯ್ದೆ ತಂದಿದ್ದ ಬೈಡನ್ ಆಗ ಅಧ್ಯಕ್ಷರಾಗಿದ್ದರು ಎಂಬುದನ್ನು ಸಂಚಿಕೆಯ ಸಂಪಾದಕರು ದಪ್ಪ ಅಕ್ಷರದಲ್ಲಿ ಹಾಕಿಸಿದರೆ ತಪ್ಪಿಲ್ಲ.

2020ರಲ್ಲಿ ಕೋವಿಡ್ ಉತ್ಸವಗಳನ್ನು ನಿಲ್ಲಿಸಿದಾಗ ಮೇಜು ಹಾಕಲು ಜಾಗವೇ ಇರಲಿಲ್ಲ. ಕಿಟ್ ಮತ್ತು ಸ್ಟ್ರಿಪ್‌ಗಳನ್ನು ಅಂಚೆಯಲ್ಲಿ ಕಳಿಸುವುದೇ ಮುಖ್ಯ ಕೆಲಸವಾಯಿತು. ಅಷ್ಟರಲ್ಲಿ ದನ ಕುದುರೆಗಳಿಗೆ ಮಂಪರು ಬರಿಸಲು ಪಶುವೈದ್ಯರು ಬಳಸುವ ಝೈಲಜೀನ್ ಫೆಂಟನಿಲ್ ಜೊತೆ ಬೆರೆತು ಬರತೊಡಗಿತ್ತು. 2023ರಲ್ಲಿ ಅದಕ್ಕೂ ಒಂದು ಸ್ಟ್ರಿಪ್ ಮಾರುಕಟ್ಟೆಗೆ ಬಂತು.

ಹೊರಗಿನ ನಂಟು

ಡ್ಯಾನ್ಸ್‌ಸೇಫ್ ನಡೆದ ದಾರಿಯಲ್ಲೇ ಬೇರೆ ದೇಶಗಳವರು ಇನ್ನೂ ಮುಂದೆ ಹೋದರು. ನ್ಯೂಜಿಲೆಂಡಿನಲ್ಲಿ ವೆಂಡಿ ಆಲಿಸನ್ ಕಟ್ಟಿದ ನೋ ಯುವರ್ ಸ್ಟಫ್ ಎಂಬ ಸ್ವಯಂಸೇವಕರ ಸಂಸ್ಥೆ ವರ್ಷಗಟ್ಟಲೆ ಕಾನೂನಿನ ಅಂಚಿನಲ್ಲಿ ಉತ್ಸವಗಳಲ್ಲಿ ಪರೀಕ್ಷೆ ನಡೆಸಿತು. ಅಲ್ಲೂ ಆಯೋಜಕರನ್ನು ಹೆದರಿಸುತ್ತಿದ್ದದ್ದು ಜಾಗ ಕೊಡುವುದನ್ನು ಅಪರಾಧವೆನ್ನುವ ಕಲಮೇ. 2020ರ ಡಿಸೆಂಬರಿನಲ್ಲಿ ಸಂಸತ್ತು ಪರೀಕ್ಷಾ ಸೇವೆಯನ್ನು ತಾತ್ಕಾಲಿಕವಾಗಿ ಕಾನೂನುಬದ್ಧಗೊಳಿಸಿ ಮರುವರ್ಷ ಕಾಯಂ ಮಾಡಿತು. ವ್ಯಾಂಕೂವರಿನಲ್ಲಿ 2019ರಿಂದ ಡಾನಾ ಲಾರ್ಸೆನ್ ನಡೆಸಿದ ಪರೀಕ್ಷಾ ಕೇಂದ್ರದ ಖರ್ಚು ಗಾಂಜಾ ಅಂಗಡಿಯ ಲಾಭದಿಂದ ಬರುತ್ತಿತ್ತು. ಇಂಥ ಕಡೆಗಳಲ್ಲಿ ಅವಕೆಂಪು ಕಿರಣದಿಂದ ಅಣುಗಳ ಗುರುತು ಹಿಡಿಯುವ, ಹತ್ತಾರು ಸಾವಿರ ಡಾಲರ್ ಬೆಲೆಯ ಸ್ಪೆಕ್ಟ್ರೋಮೀಟರುಗಳಿವೆ. ಅದಕ್ಕೆ ಹೋಲಿಸಿದರೆ ಬಣ್ಣದ ಹನಿ ಬಡವರ ವಿದ್ಯೆ.

ಸರ್ಕಾರದ ಹಣ ಬೇಡವೆಂದಾಗಲೀ ಸಿಗದೆಂದಾಗಲೀ ಬದುಕಿದ ಸಂಸ್ಥೆಗೆ ಈ ಬಡತನ ತಪ್ಪದ್ದು. ಅನುದಾನ ಪಡೆದಿದ್ದರೆ 2000ದಲ್ಲಿ ಮಾತ್ರೆಗಳ ಅಚ್ಚಿನ ಸಮೇತ ಎಚ್ಚರಿಕೆ ಪ್ರಕಟಿಸಲು, 2014ರಲ್ಲಿ ರೇವ್ ಕಾಯ್ದೆಯ ವಿರುದ್ಧ ಬಹಿರಂಗವಾಗಿ ನಿಲ್ಲಲು ಆಗುತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಲೆಕ್ಕ ತೆಗೆದರೆ ಆ ವ್ಯಾಪಾರ ನಷ್ಟದ್ದಲ್ಲ.

ಇಂದು

2003ರ ರೇವ್ ಕಾಯ್ದೆ ರಜತ ವರ್ಷದಲ್ಲೂ ತಿದ್ದುಪಡಿಯಿಲ್ಲದೆ ನಿಂತಿತ್ತು. ಫಿಲಡೆಲ್ಫಿಯಾದಲ್ಲಿ ಮೇಲ್ವಿಚಾರಣೆಯಡಿ ಚುಚ್ಚುಮದ್ದು ತೆಗೆದುಕೊಳ್ಳುವ ಕೇಂದ್ರ ತೆರೆಯಲು ಹೊರಟವರನ್ನು 2021ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ತಡೆದದ್ದೂ ಇದೇ ಕಲಮಿನ ಅಡಿಯಲ್ಲಿ. ಕೆಲವು ಉತ್ಸವಗಳು ಇಂದಿಗೂ ಡ್ಯಾನ್ಸ್‌ಸೇಫ್ ಮೇಜಿಗೆ ಜಾಗ ಕೊಟ್ಟು, ಸೀಸೆಗಳನ್ನು ಮಾತ್ರ ತರಬೇಡಿ ಎನ್ನುತ್ತವೆ.

ಸಂಸ್ಥೆ ಹುಟ್ಟಿದ ಕೊಲ್ಲಿ ಪ್ರದೇಶದಲ್ಲೇ ಸಾವಿರಾರು ಕನ್ನಡ ಮನೆಗಳಿವೆ, ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟವಿದೆ. ಅಲ್ಲಿನ ಮಕ್ಕಳೂ ಕಾಲೇಜಿಗೆ, ಸಂಗೀತೋತ್ಸವಗಳಿಗೆ ಹೋಗುತ್ತಾರೆ. ನಮ್ಮ ಮಕ್ಕಳು ಹಾಗಲ್ಲ ಎಂದು ಮಾತು ಮುಗಿಸುವ ತಂದೆತಾಯಿಗಳಿಗೆ ಒಂದು ವಿನಂತಿ: ಒಪಿಯಾಯ್ಡ್ ಏರಿ ಉಸಿರು ನಿಲ್ಲುತ್ತಿರುವವರನ್ನು ಮರಳಿಸುವ ನಲೋಕ್ಸೋನ್ ಮೂಗಿನ ಸ್ಪ್ರೇ 2023ರ ಸೆಪ್ಟೆಂಬರಿನಿಂದ ಅಮೆರಿಕದ ಔಷಧಿ ಅಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿದೆ. ಒಂದನ್ನು ತಂದು ಮನೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿಡಿ. ಅದು ಎಲ್ಲಿದೆ, ಹೇಗೆ ಬಳಸಬೇಕು, ಬಳಸಿದ ಮೇಲೂ 911ಕ್ಕೆ ಕರೆ ಮಾಡಲೇಬೇಕು ಎಂಬುದನ್ನು ಮನೆಯ ಮಕ್ಕಳಿಗೆ ಹೇಳಿಕೊಡಿ.